ಬೆಳಗಿನ ಐದೂವರೆಗೆ ಪೇಟೆ ಬೀದಿಯಲ್ಲಿ ಸೈಕಲ್: ಬೆಂಗಳೂರಿನ ಮುಂಜಾನೆ ಸುತ್ತಾಟಕ್ಕೆ ಹೊರಡುವವರಿಗೆ

ಬೆಂಗಳೂರಿನ ಹಳೇ ಪೇಟೆಯಲ್ಲಿ ಹಗಲು ಹನ್ನೊಂದಕ್ಕೆ ಸೈಕಲ್ ತುಳಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದೇ ಬೀದಿಗಳಲ್ಲಿ ಬೆಳಗಿನ ಐದೂವರೆಗೆ ತುಳಿಯಿರಿ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ. ಆ ಹೊತ್ತಿನಲ್ಲಿ ಅವೆನ್ಯೂ ರಸ್ತೆಯ ಶಟರುಗಳು ಇಳಿದಿರುತ್ತವೆ. ಹಗಲಿನಲ್ಲಿ ಕಾಲ ಕೆಳಗೆ ನೋಡಿಕೊಂಡು, ಮೈ ಹಿಡಿಮಾಡಿಕೊಂಡು ನಡೆಯುವುದೇ ಆಗುತ್ತದೆ. ಮುಂಜಾನೆ ಮಾತ್ರ ತಲೆ ಎತ್ತಬಹುದು. ಎತ್ತಿದರೆ ಬೋರ್ಡುಗಳ ಮೇಲೆ, ಮೊದಲ ಮಹಡಿಯಲ್ಲಿ, ಹಳೇ ಮರದ ಕಂಬಗಳು, ಕಬ್ಬಿಣದ ಕಟಕಟೆ, ಗಾರೆಯಲ್ಲಿ ತಿದ್ದಿದ ಬಳ್ಳಿಗಳು ಕಾಣುತ್ತವೆ. ಅಲ್ಲಿಂದ ಸ್ವಲ್ಪ ಕೆಳಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಆಗಲೇ ಅರ್ಧ ದಿನದ ಕೆಲಸ ಮುಗಿದಿರುತ್ತದೆ.

ದುಡ್ಡು ಪಡೆದು, ಸೈಕಲ್ ಕೊಟ್ಟು, ಗುಂಪು ಕಟ್ಟಿಕೊಂಡು ಪೇಟೆ ಸುತ್ತಿಸುವ ಮಾರ್ಗದರ್ಶಿಗಳಿದ್ದಾರೆ. ಒಬ್ಬರೇ ಹೋಗಬಹುದಲ್ಲ, ಮಾರ್ಗದರ್ಶಿ ಯಾಕೆ ಎಂದು ಕೇಳುವವರೂ ಇದ್ದಾರೆ. ಮೊದಲ ಸಲ ಬೇಕು. ಯಾವ ಗಲ್ಲಿಯಲ್ಲಿ ರಾತ್ರಿ ನೀರು ಹರಿದು ಜಾರುತ್ತದೆ, ಯಾವ ತಿರುವಿನಲ್ಲಿ ನಾಯಿಗಳ ಗುಂಪು ಮಲಗಿರುತ್ತದೆ, ಯಾವ ಮಂಡಿಯ ಮುಂದೆ ಲಾರಿ ಅಡ್ಡ ನಿಂತಿರುತ್ತದೆ ಎಂಬುದು ದಿನಾ ಓಡಾಡುವವರಿಗೆ ಗೊತ್ತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅಲ್ಲಿ ಕೆಲಸ ಮಾಡುವ ಜನ ಮಾರ್ಗದರ್ಶಿಯ ಮುಖ ಬಲ್ಲರು. "ಏನ್ ಸಾರ್, ಇವತ್ತು ಎಷ್ಟು ಜನ?" ಎಂದು ಒಬ್ಬ ಹೂವಿನವರು ಕೇಳಿದ ಕೂಡಲೇ ನೀವು ಅಪರಿಚಿತರಾಗಿ ಉಳಿಯುವುದಿಲ್ಲ.

ಇಷ್ಟು ಸಲ ಹೋಗಿಬಂದ ಮೇಲೆ ನನಗೆ ಖಾತ್ರಿಯಾದ ಮಾತು ಇದು: ಒಳ್ಳೆಯ ಮಾರ್ಗದರ್ಶಿ ನಿಮ್ಮನ್ನು ಸೈಕಲ್ ಮೇಲೆ ಕೂರಿಸುವುದಕ್ಕಿಂತ ಸೈಕಲ್ಲಿನಿಂದ ಇಳಿಸುವುದೇ ಹೆಚ್ಚು. ಎರಡೂವರೆ ಗಂಟೆಯಲ್ಲಿ ಹತ್ತು ಕಿಲೋಮೀಟರ್ ತುಳಿದು ಏಳೆಂಟು ಕಡೆ ಇಳಿದರೆ ಪೇಟೆ ಸಿಗುತ್ತದೆ. ಇಪ್ಪತ್ತೈದು ಕಿಲೋಮೀಟರ್ ತುಳಿದರೆ ವ್ಯಾಯಾಮ ಆಗುತ್ತದೆ, ಪೇಟೆ ಕೈಗೆ ಸಿಗುವುದಿಲ್ಲ.

ಯಾರ ಜೊತೆ ಹೋಗುವುದು

ದುಡ್ಡು ಕಟ್ಟುವ ಮುಂಚೆ ಒಂದು ಫೋನ್ ಮಾಡಿ. ಫೋಟೋಗಳನ್ನು ನೋಡಿ ತೀರ್ಮಾನ ಮಾಡಬೇಡಿ, ಎಲ್ಲರ ಫೋಟೋಗಳೂ ಚೆನ್ನಾಗಿರುತ್ತವೆ. ಮೊದಲು ಕೇಳಬೇಕಾದದ್ದು ಗುಂಪಿನಲ್ಲಿ ಎಷ್ಟು ಜನ ಎಂದು. ಆರರಿಂದ ಎಂಟು ಜನ ಇದ್ದರೆ ಚೆನ್ನ. ಹನ್ನೆರಡು ದಾಟಿದರೆ ಸಾಲು ಉದ್ದವಾಗಿ ಒಂದು ಸಿಗ್ನಲ್ಲಿನಲ್ಲಿ ಎರಡು ತುಂಡಾಗುತ್ತದೆ. ಹಿಂದಿನವರಿಗೆ ಮುಂದಿನವರು ಹೇಳಿದ ಕತೆ ಕೇಳಿಸುವುದೇ ಇಲ್ಲ.

ಎರಡನೆಯದು, ಸಾಲಿನ ಕೊನೆಯಲ್ಲಿ ಇನ್ನೊಬ್ಬರು ಬರುತ್ತಾರಾ? ಮುಂದೆ ಒಬ್ಬರು, ಹಿಂದೆ ಒಬ್ಬರು ಇರಲೇಬೇಕು. ಪಂಕ್ಚರ್ ಸಾಮಾನು, ಗಾಳಿ ಪಂಪು, ಪ್ರಥಮ ಚಿಕಿತ್ಸೆಯ ಡಬ್ಬಿ ಆ ಹಿಂದಿನವರ ಹತ್ತಿರ ಇರುವುದು ರೂಢಿ. "ಒಬ್ಬರೇ ಬರ್ತಾರೆ, ಏನೂ ಆಗಲ್ಲ" ಎಂದು ಉತ್ತರ ಬಂದರೆ ಬೇರೆಯವರನ್ನು ಹುಡುಕಿ.

ಉಳಿದ ಪ್ರಶ್ನೆಗಳು ಸಣ್ಣವು, ಆದರೆ ಬೆಳಗಿನ ಜಾವದಲ್ಲಿ ದೊಡ್ಡದಾಗುತ್ತವೆ. ಹೆಲ್ಮೆಟ್ ಅವರೇ ಕೊಡುತ್ತಾರಾ? ತಿಂಡಿ ಕಾಫಿ ದುಡ್ಡಿನಲ್ಲಿ ಸೇರಿದೆಯಾ? ಮಳೆ ಬಂದರೆ ದಿನ ಬದಲಿಸುತ್ತಾರಾ, ದುಡ್ಡು ವಾಪಸ್ ಕೊಡುತ್ತಾರಾ? ನಿಮ್ಮ ಎತ್ತರ ಹೇಳಿ, ಆ ಅಳತೆಯ ಸೈಕಲ್ ಇದೆಯಾ ಎಂದು ಕೇಳಿ. ಕತೆ ಕನ್ನಡದಲ್ಲಿ ಹೇಳುತ್ತಾರಾ ಎಂದೂ ಕೇಳಿ; ಹೊರಗಿನ ಪ್ರವಾಸಿಗರೇ ಹೆಚ್ಚು ಬರುವುದರಿಂದ ಇಂಗ್ಲಿಷಿನಲ್ಲೇ ನಡೆಸುವ ಅಭ್ಯಾಸ ಇದೆ. ನಾಲ್ಕು ಜನ ಕನ್ನಡದವರು ಒಟ್ಟಿಗೆ ಹೆಸರು ಕೊಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಪೇಟೆಯ ಕತೆ ಪೇಟೆಯ ಮಾತಿನಲ್ಲಿ ಕೇಳುವುದೇ ಬೇರೆ.

ಹೆಂಗಸರು ಕೇಳಲು ಸಂಕೋಚಪಡುವ ಪ್ರಶ್ನೆ ಒಂದಿದೆ, ಸಂಕೋಚ ಬೇಡ: ದಾರಿಯಲ್ಲಿ ಬಳಸಬಹುದಾದ ಶೌಚಾಲಯ ಎಲ್ಲಿದೆ? ಪೇಟೆಯೊಳಗೆ ಆ ಹೊತ್ತಿನಲ್ಲಿ ಸಿಗುವುದು ಕಷ್ಟ. ವಿಷಯ ಬಲ್ಲವರು ಒಂದು ಹೋಟೆಲನ್ನೋ ಮೆಟ್ರೊ ನಿಲ್ದಾಣವನ್ನೋ ಲೆಕ್ಕದಲ್ಲಿ ಇಟ್ಟುಕೊಂಡೇ ದಾರಿ ಹಾಕಿರುತ್ತಾರೆ. ಉತ್ತರ ತಡವರಿಸಿದರೆ ಅವರು ಅದನ್ನು ಯೋಚಿಸಿಯೇ ಇಲ್ಲ ಎಂದು ಅರ್ಥ.

ಯಾವ ದಿನ, ಎಷ್ಟು ಹೊತ್ತಿಗೆ

ಟ್ರಾಫಿಕ್ಕಿನಲ್ಲಿ ಸೈಕಲ್ ತುಳಿದು ರೂಢಿ ಇಲ್ಲದವರು ಭಾನುವಾರ ಹೋಗಿ. ಸಗಟು ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಲಾರಿಗಳು ಕಡಿಮೆ, ಬೀದಿ ಅಗಲವಾದಂತೆ ಕಾಣುತ್ತದೆ. ಜನ ಕೆಲಸ ಮಾಡುವುದನ್ನು ನೋಡಬೇಕು ಎಂದರೆ ವಾರದ ದಿನವೇ ಸರಿ. ನನ್ನ ಆಯ್ಕೆ ವಾರದ ದಿನ. ಒಂದು ವಿಷಯ ನೆನಪಿಡಿ: ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಅದನ್ನು ನಂಬಿಕೊಂಡು ಐದೂವರೆಗೆ ತಲುಪಲು ಆಗುವುದಿಲ್ಲ. ಆಟೊವನ್ನೋ ಸ್ವಂತ ಗಾಡಿಯನ್ನೋ ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ.

ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವ ಹೊತ್ತು ವರ್ಷದಲ್ಲಿ ಸುಮಾರು 50 ನಿಮಿಷ ಹಿಂದುಮುಂದಾಗುತ್ತದೆ. ಜೂನ್ ಮೊದಲಲ್ಲಿ ಆರಕ್ಕೆ ಮುಂಚೆಯೇ ಬೆಳಕಾದರೆ, ಜನವರಿ ಕೊನೆಯಲ್ಲಿ ಆರೂಮುಕ್ಕಾಲಾಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ಐದೂವರೆಗೆ ಹೊರಟರೆ ಮೊದಲ ಒಂದು ಗಂಟೆ ಕತ್ತಲಲ್ಲೇ ಇರುತ್ತೀರಿ. ಸೈಕಲ್ಲಿಗೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇಲ್ಲದಿದ್ದರೆ ಆ ತಿಂಗಳುಗಳಲ್ಲಿ ಹೊರಡಬೇಡಿ.

ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ಈ ಹಬ್ಬಗಳ ಹಿಂದಿನ ಎರಡು ದಿನ ಸೈಕಲ್ ಬೇಡವೇ ಬೇಡ. ಬಾಳೆಕಂಬ, ಬೂದುಗುಂಬಳ, ಹೂವಿನ ಮೂಟೆ ರಸ್ತೆಗೇ ಬಂದಿರುತ್ತವೆ, ಸೈಕಲ್ ತಳ್ಳಲೂ ಜಾಗ ಇರುವುದಿಲ್ಲ. ಆ ದಿನಗಳಲ್ಲಿ ಕಾಲ್ನಡಿಗೆಯಲ್ಲಿ ಹೋಗಿ ನೋಡಿ. ಮಳೆಗಾಲದಲ್ಲಿ ಬೆಳಗಿನ ಮಳೆ ಅಪರೂಪ, ಆದರೆ ರಾತ್ರಿ ಸುರಿದ ನೀರು ಗುಂಡಿಗಳನ್ನು ಮುಚ್ಚಿಟ್ಟಿರುತ್ತದೆ. ಅದರ ಆಳ ಕಣ್ಣಿಗೆ ಗೊತ್ತಾಗುವುದಿಲ್ಲ.

ಹಿಂದಿನ ರಾತ್ರಿ

ಒಂಬತ್ತೂವರೆಗೆ ಮಲಗಿ. ಊಟ ಹಗುರವಾಗಿರಲಿ. ಬೆಳಗ್ಗೆ ಒಂದು ಬಾಳೆಹಣ್ಣು, ಒಂದು ಲೋಟ ನೀರು ಸಾಕು. ತಿಂಡಿ ಕೊನೆಯಲ್ಲಿ ಇದೆ.

ಉಡುಪಿನ ವಿಷಯದಲ್ಲಿ ಒಂದೇ ಮಾತು: ಚೈನಿಗೆ ಸಿಕ್ಕುವಂಥದ್ದು ಏನೂ ಇರಬಾರದು. ಸೀರೆ, ಪಂಚೆ, ಉದ್ದ ದುಪಟ್ಟ, ಅಗಲ ಪ್ಯಾಂಟು ಬೇಡ. ಚೂಡಿದಾರ್ ಆದರೆ ದುಪಟ್ಟವನ್ನು ಸೊಂಟಕ್ಕೆ ಬಿಗಿಯಿರಿ. ಬಲಗಾಲಿನ ಪ್ಯಾಂಟಿನ ತುದಿಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಚೈನು ಆ ಕಡೆಯೇ ಇರುವುದು. ಶೂ ಲೇಸಿನ ತುದಿ ಒಳಗೆ ಸಿಕ್ಕಿಸಿ. ಚಪ್ಪಲಿ ಬೇಡ, ಹಿಮ್ಮಡಿ ಹಿಡಿದಿಡುವ ಪಟ್ಟಿಯ ಸ್ಯಾಂಡಲ್ ಆದೀತು. ದೇವಸ್ಥಾನದ ಮುಂದೆ ಮೂರು ಸಲ ಬಿಚ್ಚಿ ಹಾಕುವುದಿರುತ್ತದೆ, ಆ ಲೆಕ್ಕಕ್ಕೆ ಸ್ಯಾಂಡಲ್ಲೇ ವಾಸಿ.

ಹತ್ತರ, ಇಪ್ಪತ್ತರ ನೋಟುಗಳನ್ನು ಒಂದಷ್ಟು ಇಟ್ಟುಕೊಳ್ಳಿ. ಫೋನಿನಲ್ಲೇ ದುಡ್ಡು ಕೊಡಬಹುದು ನಿಜ. ಆದರೆ ಬೆಳಗಿನ ಆ ಗಡಿಬಿಡಿಯಲ್ಲಿ ಒಂದು ಮೊಳ ಹೂವಿಗೆ ನೀವು ಫೋನ್ ತೆಗೆದು, ಸ್ಕ್ಯಾನ್ ಮಾಡಿ, ಸದ್ದು ಬರುವವರೆಗೆ ಅವರನ್ನು ಕಾಯಿಸುವುದು ಸರಿಯಲ್ಲ. ಬ್ಯಾಗು ಬೆನ್ನಿಗೋ ಎದೆಗೋ ಅಡ್ಡವಾಗಿ ಬಿಗಿಯಾಗಿರಲಿ. ಹ್ಯಾಂಡಲ್ಲಿಗೆ ಏನನ್ನೂ ನೇತುಹಾಕಬೇಡಿ.

ಸೈಕಲ್ ಕೈಗೆ ಬಂದಾಗ

ಇದಕ್ಕೆ ಹತ್ತು ನಿಮಿಷ ಕೊಡಿ. ಬೇರೆಯವರು ಹೊರಡಲು ಅವಸರ ಮಾಡಿದರೂ ನೀವು ಬಿಡಬೇಡಿ. ಒಮ್ಮೆ ನನಗೆ ಕೊಟ್ಟ ಸೈಕಲ್ಲಿನ ಬ್ರೇಕುಗಳು ಅದಲುಬದಲಾಗಿದ್ದವು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕು, ಎಡಗೈಯದು ಹಿಂದಿನದು. ಅದರಲ್ಲಿ ತಿರುಗುಮುರುಗು. ನಾನು ನೋಡಿರಲಿಲ್ಲ. ಒದ್ದೆ ರಸ್ತೆಯಲ್ಲಿ ನಿಧಾನ ಮಾಡೋಣ ಎಂದು ಎಡಗೈ ಒತ್ತಿದೆ, ಮುಂದಿನ ಚಕ್ರ ಹಿಡಿದುಕೊಂಡು ಮೊಣಕೈ ಊರಿ ಬಿದ್ದೆ. ಅಂದಿನಿಂದ ಸೈಕಲ್ ಹಿಡಿದ ಕೂಡಲೇ ಮಾಡುವ ಮೊದಲ ಕೆಲಸ: ನಿಂತಲ್ಲೇ ಒಂದು ಕೈ ಬ್ರೇಕು ಒತ್ತಿ ಸೈಕಲ್ಲನ್ನು ಮುಂದೆ ತಳ್ಳುವುದು, ಯಾವ ಚಕ್ರ ನಿಲ್ಲುತ್ತದೆ ಎಂದು ನೋಡುವುದು, ಆಮೇಲೆ ಇನ್ನೊಂದು ಕೈ.

ಬ್ರೇಕ್ ಹಿಡಿ ಹ್ಯಾಂಡಲ್ಲಿಗೆ ತಗಲುವಷ್ಟು ಸಡಿಲ ಇದ್ದರೆ ಬಿಗಿ ಮಾಡಿಸಿ. ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಸುಲಭವಾಗಿ ಒಳಗೆ ಹೋದರೆ ಗಾಳಿ ಸಾಲದು. ಮುಂದಿನ ಚಕ್ರವನ್ನು ಎರಡು ಕಾಲ ನಡುವೆ ಹಿಡಿದು ಹ್ಯಾಂಡಲ್ಲನ್ನು ತಿರುಗಿಸಿ ನೋಡಿ, ಅಲುಗಬಾರದು. ಬೆಲ್ಲು ಬಾರಿಸಿ.

ಸೀಟಿನ ಎತ್ತರಕ್ಕೆ ಒಂದು ಸುಲಭ ಲೆಕ್ಕ ಇದೆ. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ದೂರ ತುಳಿಯುವವರಿಗೆ ಅದು ಸರಿ. ಪೇಟೆಯಲ್ಲಿ ಮೂರು ನಿಮಿಷಕ್ಕೊಮ್ಮೆ ಕಾಲೂರಬೇಕಾಗುವುದರಿಂದ, ಅಭ್ಯಾಸ ತಪ್ಪಿದವರು ಅದಕ್ಕಿಂತ ಒಂದೆರಡು ಬೆರಳು ತಗ್ಗಿಸಿ. ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗುತ್ತಿದ್ದರೆ ಧೈರ್ಯ ಇರುತ್ತದೆ. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳಗಲ ಬಿಟ್ಟು ಕೂರಬೇಕು, ಹಿಂದಕ್ಕೆ ಸರಿದು ಹಣೆ ಬಯಲಾಗಬಾರದು.

ಹತ್ತಿಪ್ಪತ್ತು ವರ್ಷ ಸೈಕಲ್ ಮುಟ್ಟದವರು ಹೆದರಬೇಕಿಲ್ಲ, ಸಮತೋಲ ಮರೆಯುವುದಿಲ್ಲ. ಮರೆತಿರುವುದು ಬೇರೆ: ಹಿಂತಿರುಗಿ ನೋಡುವಾಗ ಹ್ಯಾಂಡಲ್ಲನ್ನು ನೇರ ಹಿಡಿಯುವುದು, ಒಂದು ಕೈ ಬಿಟ್ಟು ಸನ್ನೆ ಮಾಡುವುದು. ಈ ಎರಡನ್ನು ಖಾಲಿ ಬೀದಿಯಲ್ಲಿ ನಾಲ್ಕು ಸುತ್ತು ಹಾಕಿ ನೆನಪು ಮಾಡಿಕೊಂಡು ಆಮೇಲೆ ಸಾಲಿಗೆ ಸೇರಿ. ಅದು ಬರದಿದ್ದರೆ ಅಂದೇ ಮಾರ್ಗದರ್ಶಿಗೆ ಹೇಳಿ, ಅವರ ಹಿಂದೆಯೇ ನಿಮ್ಮನ್ನು ಇಟ್ಟುಕೊಳ್ಳುತ್ತಾರೆ.

ಸಾಲಿನಲ್ಲಿ ತುಳಿಯುವುದು

ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಸೈಕಲ್ಲಿನಷ್ಟು ಜಾಗ. ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ಹೋಗಬೇಡಿ, ಮಾತಿಗೆ ನಿಲ್ದಾಣಗಳಿವೆ. ಮುಂದಿನವರು "ಗುಂಡಿ", "ಹಂಪು", "ನಿಲ್ಲಿ" ಎಂದರೆ ನೀವೂ ಅದನ್ನೇ ಹಿಂದಿನವರಿಗೆ ಕೂಗಿ ಹೇಳಿ. ಹಿಂದಿನಿಂದ "ಗಾಡಿ" ಎಂದು ಬಂದರೆ ಎಡಕ್ಕೆ ಸರಿಯಿರಿ. ತೀರಾ ಎಡ ಅಂಚಿಗೆ ಮಾತ್ರ ಹೋಗಬೇಡಿ. ಚರಂಡಿಯ ಚಪ್ಪಡಿಗಳ ಸಂದು, ಕಬ್ಬಿಣದ ಜಾಲರಿ, ಒಡೆದ ಗಾಜು ಎಲ್ಲ ಅಲ್ಲೇ ಇರುವುದು. ನಿಂತ ವಾಹನಗಳ ಪಕ್ಕ ಹೋಗುವಾಗ ಬಾಗಿಲು ತೆರೆದುಕೊಳ್ಳಬಹುದು ಎಂದೇ ಎಣಿಸಿ, ತೆರೆದರೂ ತಗಲದಷ್ಟು ದೂರ ಇರಿ.

ಬಿಎಂಟಿಸಿ ಬಸ್ಸು ನಿಲ್ದಾಣಕ್ಕೆ ಬಂದು ನಿಂತಾಗ ಅದರ ಎಡಕ್ಕೆ ನುಗ್ಗಬೇಡಿ, ಜನ ಇಳಿಯುತ್ತಿರುತ್ತಾರೆ. ಹಿಂದೆ ನಿಂತು ಕಾಯಿರಿ. ಮಾರ್ಕೆಟ್ ಬಳಿಯ ಮೇಲ್ಸೇತುವೆ ಹತ್ತಲೇಬೇಡಿ. ಕೆಳಗಿನ ರಸ್ತೆ ಗಲೀಜಾಗಿದ್ದರೂ ಅದೇ ನಿಮ್ಮ ದಾರಿ. ದೊಡ್ಡ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಬೇಕಾದರೆ ಇಳಿದು, ಪಾದಚಾರಿಗಳ ಜೊತೆ ತಳ್ಳಿಕೊಂಡು ದಾಟಿ.

ನಾಯಿ ಬೆನ್ನಟ್ಟಿದರೆ ಜೋರಾಗಿ ತುಳಿಯುವುದೇ ತಪ್ಪು. ನಿಂತುಬಿಡಿ, ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟುಕೊಂಡು ನಿಧಾನ ನಡೆಯಿರಿ. ಬಹುತೇಕ ಅಲ್ಲಿಗೇ ಮುಗಿಯುತ್ತದೆ.

ಲಾಲ್‌ಬಾಗಿನಿಂದ ಕೋಟೆಯ ಬಾಗಿಲಿಗೆ

ದಾರಿ ಒಬ್ಬೊಬ್ಬರದು ಒಂದೊಂದು. ನನಗೆ ಹಿಡಿಸುವುದು ಲಾಲ್‌ಬಾಗಿನ ಪಶ್ಚಿಮದ ಗೇಟಿನಿಂದ ಶುರುವಾಗುವ ದಾರಿ. 1760ರಲ್ಲಿ ಹೈದರಾಲಿ ಶುರು ಮಾಡಿದ ಈ ತೋಟದೊಳಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೆಂಪೇಗೌಡರ ಗೋಪುರ ನಿಂತಿದೆ. ಸೈಕಲ್ ಹೊರಗೆ ಬಿಟ್ಟು ಬಂಡೆ ಹತ್ತುವುದಾದರೆ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಇಲ್ಲಿ ತಡ ಮಾಡಿದರೆ ಹೂವಿನ ಮಾರ್ಕೆಟ್ಟು ತಪ್ಪುತ್ತದೆ.

ಅಲ್ಲಿಂದ ವಿ.ವಿ. ಪುರದ ಕಡೆಗೆ ತಿರುಗಿ ಕೃಷ್ಣರಾಜೇಂದ್ರ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಕೋಟೆ ವೆಂಕಟರಮಣನ ಗುಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ್ದು. ಅದರ ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿಸಿದ ಈ ತೇಗದ ಅರಮನೆಯ ಕೆಲಸ ಮುಗಿದದ್ದು 1791ರಲ್ಲಿ. ಗುಡಿಯ ಗಂಟೆ ಸದ್ದು ಅರಮನೆಯ ಜಗಲಿಗೆ ಕೇಳಿಸುವಷ್ಟು ಹತ್ತಿರ. ಅರಮನೆ ಮುಂಜಾನೆ ತೆರೆದಿರುವುದಿಲ್ಲ, ಹೊರಗಿನಿಂದ ನೋಡಿ.

ಮುಂದೆ ವಾಣಿವಿಲಾಸ ಆಸ್ಪತ್ರೆ ದಾಟುವಾಗ ಬೆಲ್ಲು ಬಾರಿಸಬೇಡಿ. ರಾತ್ರಿಯಿಡೀ ಕಾದ ಮನೆಯವರು ಫುಟ್‌ಪಾತಿನ ಮೇಲೆ ಟವೆಲ್ ಹಾಸಿ ಮಲಗಿರುತ್ತಾರೆ. ಕೆಲವು ಮಾರ್ಗದರ್ಶಿಗಳು ಅಲ್ಲಿ ಗುಂಪನ್ನು ಇಳಿಸಿ ಮಾತಿಲ್ಲದೆ ತಳ್ಳಿಸಿಕೊಂಡು ಹೋಗುತ್ತಾರೆ. ಅಂಥವರನ್ನು ಕಂಡರೆ ನನಗೆ ಗೌರವ.

ಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು, ಅದರ ಅಕ್ಕಪಕ್ಕದ ಒಂದಿಷ್ಟು ಗೋಡೆ, ಒಳಗೊಂದು ಗಣಪತಿ ಗುಡಿ. ಕೆಂಪೇಗೌಡರ ಕಾಲದ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಗೋಡೆಯ ಮೇಲಿನ ಫಲಕದಲ್ಲಿ 1791ರ ಮಾರ್ಚ್ 21 ಎಂಬ ತಾರೀಖಿದೆ. ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಕೋಟೆ ಒಡೆದು ನುಗ್ಗಿದ ದಿನ ಅದು. ಪೇಟೆ ಬಿದ್ದದ್ದು ಅದಕ್ಕೂ ಎರಡು ವಾರ ಮೊದಲು, ಮಾರ್ಚ್ 7ರಂದು, ಹಲಸೂರು ಬಾಗಿಲಿನಿಂದ. ಆ ಬಾಗಿಲು ಈಗಿಲ್ಲ, ಆದರೆ ಹಲಸೂರು ಗೇಟ್ ಪೊಲೀಸ್ ಠಾಣೆ ಇದೆ. ಹಲಸೂರಿನಿಂದ ಇಷ್ಟು ದೂರದಲ್ಲಿ ಆ ಹೆಸರು ಯಾಕೆ ಎಂದು ಅರ್ಥವಾಗದೆ ಇದ್ದವರಿಗೆ ಕಾರಣ ಇದೇ.

ಹೂವಿನ ಮಾರ್ಕೆಟ್ಟಿನಲ್ಲಿ

ಇಲ್ಲಿ ಸೈಕಲ್ ಒಳಗೆ ಹೋಗುವುದಿಲ್ಲ. ಒಬ್ಬರು ಹೊರಗೆ ಸೈಕಲ್ಲುಗಳನ್ನು ನೋಡಿಕೊಳ್ಳುತ್ತಾರೆ, ಉಳಿದವರು ನಡೆದು ಹೋಗುತ್ತಾರೆ. ಹಿಂದೆ ಸಿದ್ದಿಕಟ್ಟೆ ಎಂಬ ಕೆರೆ ಇದ್ದ ಜಾಗ ಇದು. ಮಾರುಕಟ್ಟೆ ಎದ್ದದ್ದು 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ. ಹಳಬರು ಇವತ್ತಿಗೂ ಸಿಟಿ ಮಾರ್ಕೆಟ್ ಎಂದೇ ಕರೆಯುತ್ತಾರೆ.

ರಾತ್ರಿಯಿಡೀ ಹಳ್ಳಿಗಳಿಂದ, ತಮಿಳುನಾಡಿನ ಗಡಿಯಿಂದ ಮೂಟೆಗಳು ಬಂದಿರುತ್ತವೆ. ಚೆಂಡುಹೂವು, ಸೇವಂತಿಗೆ, ಕನಕಾಂಬರ, ಕಾಕಡ, ಸುಗಂಧರಾಜ, ಮರುಗ, ದವನ, ತುಳಸಿ. ಬಿಡಿ ಹೂವು ಕೇಜಿ ಲೆಕ್ಕ, ಕಟ್ಟಿದ್ದು ಮೊಳ, ಮಾರಿನ ಲೆಕ್ಕ. ಬೆರಳ ತುದಿಯಿಂದ ಮೊಣಕೈವರೆಗೆ ಮೊಳ. ಎರಡೂ ತೋಳು ಚಾಚಿದರೆ ಮಾರು. ಅಳೆಯುವವರ ತೋಳು ಗಿಡ್ಡವೋ ಉದ್ದವೋ ಎಂಬುದರ ಮೇಲೆ ಹೂವು ಹೆಚ್ಚು ಕಡಿಮೆ. ಬೆಳಕಾಗುವುದರೊಳಗೆ ಗುಡಿಗಳಿಗೆ ಹಾರ ಕಟ್ಟುವವರು, ಬೀದಿ ಬೀದಿ ಮಾರುವವರು ಬಂದು ಕೊಂಡುಹೋಗಿರುತ್ತಾರೆ. ಏಳಕ್ಕೆ ಹೋದವರಿಗೆ ಬಣ್ಣ ಕಾಣುತ್ತದೆ, ವ್ಯಾಪಾರ ಕಾಣುವುದಿಲ್ಲ.

ಇಲ್ಲಿ ನಡೆದುಕೊಳ್ಳುವ ರೀತಿ ಗೊತ್ತಿರಬೇಕು. ತಲೆಯ ಮೇಲೆ ಮೂಟೆ ಹೊತ್ತ ಹಮಾಲರಿಗೆ ನೀವೇ ದಾರಿ ಬಿಡಬೇಕು, ಅವರು ಎರಡು ಕ್ಷಣ ನಿಂತರೂ ಆ ಭಾರ ಕತ್ತಿನ ಮೇಲೆಯೇ ಇರುತ್ತದೆ. "ಸೈಡ್, ಸೈಡ್" ಎಂದು ಕೇಳಿದ ಕೂಡಲೇ ಯಾರು, ಎಲ್ಲಿ ಎಂದು ಹುಡುಕದೆ ಗೋಡೆಗೆ ಅಂಟಿ. ನೆಲದ ಮೇಲೆ ರಾಶಿ ಹಾಕಿದ ಹೂವನ್ನು ದಾಟಬೇಡಿ, ಸುತ್ತಿ ಹೋಗಿ. ಹೂವನ್ನು ಎತ್ತಿ ಮೂಸಬೇಡಿ. ಅದು ದೇವರಿಗೆ ಹೋಗುವ ಹೂವು. ಮೂಸಿದ ಹೂವನ್ನು ಏರಿಸುವುದಿಲ್ಲ ಎಂಬುದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಹೇಳಿಕೊಟ್ಟ ಪಾಠ, ಹೊರಗಿನ ಸ್ನೇಹಿತರನ್ನು ಕರೆದುಕೊಂಡು ಹೋದರೆ ಮೊದಲೇ ಹೇಳಿ.

ಫೋಟೋ ತೆಗೆಯುವ ಮುಂಚೆ ಕಣ್ಣಲ್ಲಿ ಕಣ್ಣಿಟ್ಟು "ಅಕ್ಕ, ಒಂದು ಫೋಟೋ ತೆಗೀಲಾ?" ಎಂದು ಕೇಳಿ. ಬೇಡ ಎಂದರೆ ಬೇಡ. ಇಡೀ ಮಾರ್ಕೆಟ್ಟಿನ ಚಿತ್ರ ಬೇಕಿದ್ದರೆ ಮೆಟ್ಟಿಲು ಹತ್ತಿ ಮೇಲಿನ ಮಹಡಿಯಿಂದ ತೆಗೆಯಿರಿ. ಕೆಳಗೆ ಹಳದಿ, ಕಿತ್ತಳೆ, ಬಿಳಿ ರಾಶಿಗಳು ಒಟ್ಟಿಗೆ ಕಾಣುತ್ತವೆ, ಯಾರ ಕೆಲಸಕ್ಕೂ ಅಡ್ಡಿ ಇಲ್ಲ. ಯಾರ ಹತ್ತಿರ ಐದು ನಿಮಿಷ ಮಾತಾಡುತ್ತಾ ನಿಂತಿರೋ ಅವರ ಹತ್ತಿರ ಒಂದೆರಡು ಮೊಳವಾದರೂ ಕೊಂಡುಕೊಳ್ಳಿ, ಚೌಕಾಸಿ ಮಾಡಬೇಡಿ.

ಹೊರಗೆ ಬಂದು ಮತ್ತೆ ಸೈಕಲ್ ಹತ್ತುವಾಗ ಅತಿ ಎಚ್ಚರ ಬೇಕು. ಕೊಳೆತ ಹೂವು, ಕೋಸಿನ ಎಲೆ, ಬಾಳೆ ದಿಂಡು ನೀರಿನಲ್ಲಿ ನೆಂದು ರಸ್ತೆ ಎಣ್ಣೆ ಸವರಿದಂತಿರುತ್ತದೆ. ಆ ಇನ್ನೂರು ಮೀಟರ್ ತಳ್ಳಿಕೊಂಡೇ ಹೋಗಿ. ತುಳಿಯಲೇಬೇಕಾದರೆ ಮುಂದಿನ ಬ್ರೇಕು ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೇರ ಸಾಗಿ.

ಪೇಟೆಯ ಹೆಸರುಗಳನ್ನು ಓದಿಕೊಂಡು

ಮಾರ್ಕೆಟ್ಟಿನಿಂದ ಉತ್ತರಕ್ಕೆ ಹೋಗುವ ಅವೆನ್ಯೂ ರಸ್ತೆಯೇ ಹಿಂದಿನ ದೊಡ್ಡಪೇಟೆ. ಅದನ್ನು ಅಡ್ಡ ಕತ್ತರಿಸುವುದು ಚಿಕ್ಕಪೇಟೆ. 1537ರಲ್ಲಿ ಕೆಂಪೇಗೌಡರು ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೆ ಹೊಡೆಸಿದರು, ಆ ಗೆರೆಗಳೇ ಬೀದಿಗಳಾದವು ಎಂಬ ಕತೆ ಇಲ್ಲಿಯದು. ಆ ಚೌಕದಲ್ಲಿ ಸೈಕಲ್ ನಿಲ್ಲಿಸಿ ನಾಲ್ಕೂ ಕಡೆ ನೋಡಿ. ಹಗಲಲ್ಲಿ ಅಲ್ಲಿ ನಿಲ್ಲಲು ಆಗುವುದೇ ಇಲ್ಲ.

ಇಲ್ಲಿಂದ ಮುಂದೆ ಮಾರ್ಗದರ್ಶಿಯನ್ನು ಬೋರ್ಡುಗಳ ಬಗ್ಗೆ ಕೇಳುತ್ತಾ ಹೋಗಿ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಗೊಲ್ಲರಪೇಟೆ, ತಿಗಳರಪೇಟೆ. ಏನು ಮಾರುತ್ತಿದ್ದರು, ಯಾರು ಇದ್ದರು ಎಂಬುದನ್ನು ಬೀದಿಯೇ ಹೇಳುತ್ತದೆ. ಕನ್ನಡ ಬಲ್ಲವರಿಗೆ ಇದಕ್ಕೆ ಅನುವಾದ ಬೇಕಿಲ್ಲ, ಈ ಸುತ್ತಾಟದಲ್ಲಿ ನಮಗೆ ಸಿಗುವ ದೊಡ್ಡ ಲಾಭ ಅದು. ಅರಳೆಪೇಟೆ ಕಾಟನ್‌ಪೇಟೆಯಾಗಿದೆ. ಬಳೇಪೇಟೆಯಲ್ಲಿ ಈಗ ವೀಣೆ, ತಬಲ, ಹಾರ್ಮೋನಿಯಂ ಅಂಗಡಿಗಳಿವೆ. ಕಬ್ಬನ್‌ಪೇಟೆಯಲ್ಲಿ ನೇಕಾರರ ಮನೆಗಳಿದ್ದವು. ಬೆಳಗಿನ ನಿಶ್ಶಬ್ದದಲ್ಲಿ ಯಾವುದೋ ಮಾಳಿಗೆಯಿಂದ ಮಗ್ಗದ ಸದ್ದು ಕೇಳಿದರೆ ಅದೃಷ್ಟ. ಗಲ್ಲಿಗಳಲ್ಲಿ ಮನೆಯ ಮುಂದೆ ಹೆಂಗಸರು ರಂಗೋಲಿ ಹಾಕುತ್ತಿರುತ್ತಾರೆ. ಅದರ ಮೇಲೆ ಚಕ್ರ ಹಾಯಿಸಬೇಡಿ. ಗಲ್ಲಿ ಕಿರಿದಾಗಿದ್ದರೆ ಸೈಕಲ್ಲನ್ನು ಎತ್ತಿ ದಾಟಿಸಿ.

ಅವೆನ್ಯೂ ರಸ್ತೆಯಲ್ಲೇ ರೈಸ್ ಸ್ಮಾರಕ ಚರ್ಚ್ ಇದೆ. ಅದು ಪಾದ್ರಿ ಬೆಂಜಮಿನ್ ರೈಸರ ಹೆಸರಿನದು. ಅವರ ಮಗ ಬಿ.ಎಲ್. ರೈಸ್, ನಮ್ಮ ಶಾಸನಗಳನ್ನು ಊರೂರು ಸುತ್ತಿ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದವರು. ಪಠ್ಯಪುಸ್ತಕದಲ್ಲಿ ಆ ಹೆಸರು ಓದಿದವರು ಎಷ್ಟೋ ಜನ, ಅದೇ ಹೆಸರಿನ ಚರ್ಚಿನ ಮುಂದೆ ದಿನಾ ಓಡಾಡಿದರೂ ಗಮನಿಸಿರುವುದಿಲ್ಲ.

ಕೊನೆಗೆ ತಿಗಳರಪೇಟೆಯ ಧರ್ಮರಾಯನ ಗುಡಿ. ಚೈತ್ರ ಹುಣ್ಣಿಮೆಯ ರಾತ್ರಿ ಇಲ್ಲಿಂದ ಕರಗ ಹೊರಡುತ್ತದೆ, ಪೇಟೆಗಳನ್ನು ಸುತ್ತುತ್ತಾ ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತದೆ. ಹೆಲ್ಮೆಟ್ ಕೈಯಲ್ಲಿ ಹಿಡಿದು, ಪಾದರಕ್ಷೆ ಬಿಟ್ಟು ಒಳಗೆ ಹೋಗಿ. ಮಾರ್ಕೆಟ್ಟಿನಲ್ಲಿ ಕೊಂಡ ಹೂವು ಇದ್ದರೆ ಇಲ್ಲಿ ಕೊಡಬಹುದು.

ತಿಂಡಿ, ಆಮೇಲಿನದು

ಎಂಟರೊಳಗೆ ಪೇಟೆಯಿಂದ ಹೊರಬನ್ನಿ. ಆಮೇಲೆ ಆಟೊ, ಲಗೇಜು ಗಾಡಿಗಳು ತುಂಬಿಕೊಳ್ಳುತ್ತವೆ. ಗಾಂಧಿಬಜಾರಿನ ಕಡೆ ತಿರುಗಿದರೆ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನ ಇದೆ. ಶುಕ್ರವಾರ ಅದಕ್ಕೆ ರಜೆ, ಭಾನುವಾರ ಅಲ್ಲಿ ಸಾಲು ಉದ್ದ. ಬೆವರಿದ ಮೈಯಲ್ಲಿ ಕಾಯುವ ತಾಳ್ಮೆ ಇಲ್ಲದವರಿಗೆ ಹತ್ತಿರದ ಯಾವುದಾದರೂ ದರ್ಶಿನಿಯಲ್ಲಿ ನಿಂತುಕೊಂಡು ಇಡ್ಲಿ ವಡೆ, ಬೈಟು ಕಾಫಿ ಚೆನ್ನಾಗಿಯೇ ಇರುತ್ತದೆ. ಮಾರ್ಗದರ್ಶಿಯನ್ನೂ ಹಿಂದೆ ಬಂದವರನ್ನೂ ಜೊತೆಯಲ್ಲೇ ಕೂರಿಸಿಕೊಳ್ಳಿ. ದಾರಿಯಲ್ಲಿ ಹೇಳಲು ಹೊತ್ತು ಸಿಗದ ಕತೆಗಳು ಇಲ್ಲಿ ಬರುತ್ತವೆ. ಅವರು ನಾಲ್ಕು ಗಂಟೆಗೇ ಎದ್ದು ಸೈಕಲ್ಲುಗಳಿಗೆ ಗಾಳಿ ಹೊಡೆದಿರುತ್ತಾರೆ ಎಂಬುದು ನೆನಪಿರಲಿ. ಹೆಚ್ಚಿಗೆ ಕೊಡುವುದಿದ್ದರೆ ಇಬ್ಬರಿಗೂ ಬೇರೆ ಬೇರೆ ಕೊಡಿ.

ಸೈಕಲ್ ಒಪ್ಪಿಸುವಾಗ ಅದರಲ್ಲಿ ಕಂಡ ದೋಷ ಹೇಳಿಬಿಡಿ: ಗೇರು ಜಾರುತ್ತಿತ್ತು, ಸೀಟು ತಿರುಗುತ್ತಿತ್ತು ಎಂದು. ನಾಳೆ ಅದರ ಮೇಲೆ ಇನ್ನೊಬ್ಬರು ಕೂರುತ್ತಾರೆ. ಮನೆಗೆ ಹೋಗಿ ಬಿಸಿನೀರಿನ ಸ್ನಾನ ಮಾಡಿ, ತೊಡೆಯ ಹಿಂಭಾಗವನ್ನೂ ಸೊಂಟವನ್ನೂ ಚೆನ್ನಾಗಿ ಎಳೆಯಿರಿ. ಕೂರುವ ಜಾಗದ ನೋವು ಎರಡು ದಿನ ಇರುತ್ತದೆ, ಅದಕ್ಕೆ ಔಷಧಿ ಬೇಕಿಲ್ಲ.

ಎರಡನೇ ಸಲ ಹೋಗುವವರು ಇದೇ ದಾರಿಯನ್ನು ತಿರುಗಿಸಿ ಹಾಕಿಕೊಡಿ ಎಂದು ಕೇಳಿ. ಧರ್ಮರಾಯನ ಗುಡಿಯಿಂದ ಹೊರಟು ಮಾರ್ಕೆಟ್ಟಿಗೆ ಕೊನೆಯಲ್ಲಿ ಬಂದರೆ, ಗಲ್ಲಿಗಳಲ್ಲಿ ಮೊದಲ ಬಾಗಿಲುಗಳು ತೆರೆಯುವುದು ಕಾಣುತ್ತದೆ, ಹಾಲಿನ ಪ್ಯಾಕೆಟ್ಟುಗಳನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಹಂಚುವ ಹುಡುಗರು ಎದುರಾಗುತ್ತಾರೆ. ಅವರಿಗೆ ಆ ಗಲ್ಲಿಗಳ ಒಂದೊಂದು ಗುಂಡಿಯೂ ಗೊತ್ತು. ಅವರು ಯಾವ ಕಡೆ ತಿರುಗುತ್ತಾರೋ ನೋಡಿಕೊಂಡು ನೀವೂ ತಿರುಗಿ.